ಕಣದ ಹಾಡು ಬಾನುಲಿಗೆ ಬಂದ ಬಗೆ: ಧಾರವಾಡ ಆಕಾಶವಾಣಿ ಮತ್ತು ನಮ್ಮ ಜನಪದ ಗಾಯನ

1950ರ ಜನವರಿ 8ರಂದು ಧಾರವಾಡದ ಆಕಾಶವಾಣಿ ಕೇಂದ್ರ ದನಿ ತೆರೆದಾಗ ಭಾರತ ಗಣರಾಜ್ಯವಾಗಲು ಇನ್ನೂ 18 ದಿನ ಬಾಕಿಯಿದ್ದವು. ಕನ್ನಡಿಗರಿಗೆ ಒಂದು ರಾಜ್ಯವಾಗಲು ಇನ್ನೂ ಸುಮಾರು ಏಳು ವರ್ಷ ಕಾಯಬೇಕಿತ್ತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಕಡೆಯವರು ಮುಂಬಯಿ ಸರ್ಕಾರದ ಕೆಳಗಿದ್ದರು. ಕಲಬುರ್ಗಿ, ರಾಯಚೂರು, ಬೀದರಿನವರು ಹೈದರಾಬಾದಿನ ಕೆಳಗೆ. ಬಳ್ಳಾರಿಯವರು ಮದ್ರಾಸಿನ ಕೆಳಗೆ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಒಂದು ಚಿಕ್ಕ ಪ್ರಸಾರ ಯಂತ್ರ ಇಟ್ಟು ಬಾನುಲಿ ಆರಂಭಿಸಿದ್ದರು, ‘ಆಕಾಶವಾಣಿ’ ಎಂಬ ಹೆಸರನ್ನು ದೇಶಕ್ಕೆ ಕೊಟ್ಟಿದ್ದೂ ಆ ನಿಲಯವೇ. ಆದರೆ ಮಲಪ್ರಭೆ, ಘಟಪ್ರಭೆ, ಕೃಷ್ಣೆಯ ದಂಡೆಯ ಮಾತು ಮತ್ತು ಹಾಡು ಗಾಳಿಯಲ್ಲಿ ಕೇಳಬೇಕೆಂದರೆ ಇಲ್ಲಿಯೇ ಒಂದು ಕೇಂದ್ರ ಬೇಕಿತ್ತು. ಕೇಂದ್ರ ಸರ್ಕಾರದಲ್ಲಿ ಆಗ ವಾರ್ತಾ ಮತ್ತು ಪ್ರಸಾರ ಖಾತೆಯನ್ನು ನೋಡಿಕೊಳ್ಳುತ್ತಿದ್ದವರು ಈ ನೆಲದವರೇ ಆದ ರಂಗನಾಥ ದಿವಾಕರರು. ಅದು ನಮ್ಮ ಪುಣ್ಯ.

ಧಾರವಾಡ ಕೇಂದ್ರದ ಹೆಸರು ಬಂದೊಡನೆ ಎಲ್ಲರಿಗೂ ನೆನಪಾಗುವುದು ಹಿಂದುಸ್ತಾನಿ ಸಂಗೀತ. ಅದು ಸಹಜವೇ. ಮಲ್ಲಿಕಾರ್ಜುನ ಮನಸೂರರು ಸಂಗೀತ ಸಲಹೆಗಾರರಾಗಿದ್ದ ಕೇಂದ್ರ ಇದು. ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು ಹಾಡಿದ ಕೇಂದ್ರ ಇದು. ಅವರ ಬಗ್ಗೆ ಬರೆಯುವವರು ಬೇಕಾದಷ್ಟು ಜನರಿದ್ದಾರೆ. ಅದೇ ಸ್ಟುಡಿಯೋದ ಅದೇ ಜಮಖಾನೆಯ ಮೇಲೆ ಚೌಡಕಿ ಹಿಡಿದು, ದಪ್ಪು ಹಿಡಿದು, ಕೆಲವೊಮ್ಮೆ ಏನನ್ನೂ ಹಿಡಿಯದೆ ಬರಿಗೈಯಲ್ಲಿ ಕುಳಿತು ಹಾಡಿದವರ ಬಗ್ಗೆ ಈ ಸಂಚಿಕೆಯಲ್ಲಿ ನಾಲ್ಕು ಪುಟ ಇರಲೇಬೇಕು ಎಂದು ನನಗೆ ಅನಿಸಿದೆ. ರಾಗದ ಕೇಳುಗರು ರೇಡಿಯೊಕ್ಕಿಂತ ಮೊದಲೂ ಇದ್ದರು, ಅವರಿಗೆ ಸಭೆಗಳಿದ್ದವು. ಊರ ಹಾಡಿಗೆ ಊರಾಚೆಯ ಕೇಳುಗರನ್ನು ಹುಟ್ಟಿಸಿದ್ದು ಮಾತ್ರ ಬಾನುಲಿಯೇ.

ಅದಕ್ಕೂ ಮೊದಲು ಊರ ಹಾಡು ಊರು ದಾಟಿದ್ದು ಪುಸ್ತಕದ ಮೂಲಕ. ವಿಜಾಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಗೆಳೆಯರು ಹೆಣ್ಣುಮಕ್ಕಳ ಬಾಯಲ್ಲಿದ್ದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಸಂಕಲನ ತಂದರು. ಕನ್ನಡದ ದೊಡ್ಡ ದೊಡ್ಡ ಕವಿಗಳು ಆ ಪುಸ್ತಕವನ್ನು ಕಣ್ಣಿಗೊತ್ತಿಕೊಂಡರು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಬಿ.ಎಸ್. ಗದ್ದಗಿಮಠ ಅವರು ಜನಪದ ಗೀತೆಗಳನ್ನು ಅಭ್ಯಾಸ ಮಾಡಿ 1950ರ ದಶಕದಲ್ಲಿ ಡಾಕ್ಟರೇಟ್ ಪಡೆದರು. ಇಷ್ಟೆಲ್ಲ ಆದರೂ ಓದುಗನ ಕೈಗೆ ಸಿಕ್ಕಿದ್ದು ಸಾಲುಗಳಷ್ಟೇ. ಮೂರನೆಯ ಸಾಲನ್ನು ಎಲ್ಲಿ ಎಳೆಯಬೇಕು, ಎಲ್ಲಿ ಉಸಿರು ಹಿಡಿಯಬೇಕು, ಬೀಸುವ ಕಲ್ಲಿನ ಸುತ್ತಿಗೆ ಮಾತು ಹೇಗೆ ಹೊಂದಿಕೊಳ್ಳುತ್ತದೆ ಎಂಬುದನ್ನು ಅಚ್ಚಿನ ಮೊಳೆ ಹೇಳಲಾರದು. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕುಳಿತು ಗರತಿಯ ಹಾಡನ್ನು ಮೆಚ್ಚಿದ ಎಷ್ಟೋ ಜನ ಅದನ್ನು ಕೇಳಿಯೇ ಇರಲಿಲ್ಲ. ಪುಸ್ತಕಕ್ಕೆ ಬಾರದೆ ಹೋದ ದನಿಯನ್ನು ಬಾನುಲಿ ತಂದುಕೊಟ್ಟಿತು.

ಆದರೆ ಸ್ಟುಡಿಯೋ ಎಂಬುದು ಈ ಹಾಡುಗಳಿಗೆ ಪೂರಾ ಪರಕೀಯವಾದ ಜಾಗ. ನಮ್ಮ ಸೀಮೆಯಲ್ಲಿ ಹಾಡಿಗೆ ಒಂದು ಹೊತ್ತು, ಒಂದು ಕೆಲಸ, ಒಂದು ಕಾರಣ ಇದ್ದೇ ಇತ್ತು. ಬೀಸುವ ಪದಕ್ಕೆ ಬೆಳಗಿನ ಜಾವ, ಸೋಬಾನಕ್ಕೆ ಮದುವೆಯ ಹಂದರ. ಚೌಡಕಿ ಪದಕ್ಕೆ ಸವದತ್ತಿ ಗುಡ್ಡದ ದಾರಿ, ಡೊಳ್ಳಿನ ಪದಕ್ಕೆ ಬೀರಪ್ಪನ ಗುಡಿಯ ಮುಂದಿನ ಬಯಲು, ರಿವಾಯತ್ ಪದಕ್ಕೆ ಮೊಹರಮ್ಮಿನ ಅಲಾವಿ. ಹಂತಿ ಪದವನ್ನೇ ತೆಗೆದುಕೊಳ್ಳಿ. ಸುಗ್ಗಿಯಲ್ಲಿ ಕಣದ ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ, ರಾತ್ರಿಯೆಲ್ಲ ತೆನೆ ತುಳಿಸುವಾಗ ಹಾಡುವುದು ಅದು. ಎತ್ತಿನ ಹೆಜ್ಜೆಯೇ ಅದರ ತಾಳ. ನಿದ್ದೆ ಬಾರದಂತೆ ನೋಡಿಕೊಳ್ಳುವುದೇ ಅದರ ಕೆಲಸ. ಒಬ್ಬ ಎತ್ತಿದ ಸೊಲ್ಲನ್ನು ಆಚೆ ದಂಡೆಯಲ್ಲಿರುವವನು ಹಿಡಿಯಬೇಕು, ಅವನ ದನಿ ತೂಕಡಿಸಿತೆಂದರೆ ಇವನಿಗೆ ಗೊತ್ತಾಗಬೇಕು. ಅಂಥ ಹಾಡನ್ನು ಗೋಡೆಗೆ ಮೆತ್ತೆ ಬಡಿದ ಕೋಣೆಯಲ್ಲಿ, ಕೆಂಪು ದೀಪ ಹತ್ತಿದ ಮೇಲೆ, ಎತ್ತಿಲ್ಲದೆ ಕತ್ತಲಿಲ್ಲದೆ ಹದಿನೈದು ನಿಮಿಷದಲ್ಲಿ ಹಾಡಿ ಮುಗಿಸಿ ಎಂದರೆ ಹಾಡುಗಾರನ ಪಾಡೇನು?

ಗೀಗೀ ಪದದ್ದು ಇನ್ನೊಂದು ತೊಡಕು. ಹರದೇಶಿ ಮೇಳದವರು ಗಂಡು ಹೆಚ್ಚೆಂದು, ನಾಗೇಶಿ ಮೇಳದವರು ಹೆಣ್ಣು ಹೆಚ್ಚೆಂದು ಬೆಳಗಿನ ತನಕ ವಾದ ಹೂಡುವ ಕಲೆ ಅದು. ಎದುರಿನ ಮೇಳ ಏನು ಕೇಳುತ್ತದೋ ಅದಕ್ಕೆ ನಿಂತ ನಿಲುವಿನಲ್ಲಿ ಪದ ಕಟ್ಟಿ ಉತ್ತರ ಕೊಡಬೇಕು. ಪುರಾಣದ ಒಂದು ಒಗಟು ಬಿಡಿಸಲು ಅರ್ಧ ತಾಸು ಹಿಡಿದರೂ ಯಾರೂ ಎದ್ದು ಹೋಗುವುದಿಲ್ಲ. ಬಾನುಲಿಯಲ್ಲಿ ಮಾತ್ರ ಯಾವ ಪದ ಹಾಡುತ್ತೀರಿ ಎಂದು ಮುಂಚೆಯೇ ಪಟ್ಟಿ ಕೊಡಬೇಕು. ಸವಾಲಿನ ಬಿಸಿ ಅಲ್ಲಿಗೆ ಅರ್ಧ ಇಳಿಯಿತು. ಸರ್ಕಾರದ ಪ್ರಸಾರವಾದ್ದರಿಂದ ಹೋಳಿಯ ಹಸಿ ಮಾತು, ಊರ ಗೌಡನನ್ನು ಕುಟುಕುವ ನುಡಿ, ಜಾತಿ ಹಿಡಿದು ಮಾಡುವ ಚೇಷ್ಟೆ ಇವೆಲ್ಲ ಹೊರಗೇ ಉಳಿದವು. ಕೇಳುಗರ ಮನೆಯಲ್ಲಿ ಎಲ್ಲ ವಯಸ್ಸಿನವರೂ ಒಟ್ಟಿಗೆ ಕುಳಿತಿರುತ್ತಾರೆ, ಆದ್ದರಿಂದ ಕೆಲವನ್ನು ಬಿಡಬೇಕಾದದ್ದು ನನಗೆ ಅರ್ಥವಾಗುತ್ತದೆ. ಆದರೂ ನಮ್ಮ ಜನಪದ ಎಂದರೆ ಬರೀ ದೇವರು, ತವರು, ಮಳೆ ಎಂಬ ಭಾವನೆ ಪಟ್ಟಣದವರಲ್ಲಿ ಬೇರೂರಲು ಈ ಆಯ್ಕೆಯೂ ಒಂದು ಕಾರಣ. ಅದನ್ನು ಹೇಳದೆ ಬಿಟ್ಟರೆ ಈ ಚರಿತ್ರೆ ಪೂರ್ತಿಯಾಗದು.

ಪೇಟಿಯ ಕಥೆಯನ್ನೂ ಇಲ್ಲಿ ಹೇಳಬೇಕು. 1940ರ ಮಾರ್ಚ್‌ನಲ್ಲಿ ಆಕಾಶವಾಣಿ ತನ್ನ ಎಲ್ಲ ಕೇಂದ್ರಗಳಲ್ಲೂ ಹಾರ್ಮೋನಿಯಂ ನಿಷೇಧಿಸಿತು. ಗಮಕ ಹಿಡಿಯಲಾರದ, ಪರದೇಶದಿಂದ ಬಂದ, ಸ್ವರಗಳನ್ನು ಒಂದೇ ಅಳತೆಗೆ ಕತ್ತರಿಸಿಟ್ಟ ವಾದ್ಯ ಅದು ಎಂಬುದು ಶಾಸ್ತ್ರೀಯ ಸಂಗೀತದವರ ದೂರು. 1970ರ ದಶಕದ ಆರಂಭದ ತನಕ ಆ ಬಾಗಿಲು ತೆರೆಯಲೇ ಇಲ್ಲ. ಧಾರವಾಡ ಕೇಂದ್ರ ಹುಟ್ಟುವಾಗಲೇ ಈ ನಿಷೇಧ ಜಾರಿಯಲ್ಲಿತ್ತು. ಆದರೆ ಉತ್ತರ ಕರ್ನಾಟಕದ ಭಜನಾ ಮೇಳದ ಮುಂದೆ ಪೇಟಿ ಬಂದು ಕುಳಿತು ಆಗಲೇ ಕಾಲವಾಗಿತ್ತು. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತಕ್ಕೆ, ಬೈಲಹೊಂಗಲದ ಪತ್ತಾರ ಮಾಸ್ತರರ ಸಂಗ್ಯಾ ಬಾಳ್ಯಾಕ್ಕೆ ಪೇಟಿ, ತಬಲಾ, ತಾಳ ಇಲ್ಲದೆ ನಡೆಯದು. ಕೌಜಲಗಿ ನಿಂಗಮ್ಮನಂಥ ಕಲಾವಿದೆಯ ದನಿಯನ್ನು ಜನ ನೆನೆಯುವುದೂ ಪೇಟಿಯ ಸ್ವರದ ಜೊತೆಗೇ. ಅಂಥ ಮೇಳದವರಿಗೆ ಪೇಟಿ ಹೊರಗಿಟ್ಟು ಬನ್ನಿ ಎಂದು ಹೇಳುವುದು ಸಣ್ಣ ಮಾತಾಗಿರಲಿಲ್ಲ. ಈ ನಿಷೇಧ ಊರ ಹಾಡನ್ನು ಮನಸ್ಸಿನಲ್ಲಿಟ್ಟು ಮಾಡಿದ್ದಲ್ಲ, ಆದರೆ ಏಟು ಬಿದ್ದಿದ್ದು ಊರ ಹಾಡಿಗೂ. ಅದರಿಂದ ಒಂದು ಒಳ್ಳೆಯದೂ ಆಯಿತು ಎನ್ನಬೇಕು. ಚೌಡಕಿ, ಏಕತಾರಿ, ತುಂತುಣಿ, ಸಂಬಾಳ ಈ ಹಳೆಯ ವಾದ್ಯಗಳಿಗೆ ಸ್ಟುಡಿಯೋದಲ್ಲಿ ತಡೆಯಿರಲಿಲ್ಲ. ಮೇಳದ ಮೂಲೆಗೆ ಸರಿಯುತ್ತಿದ್ದ ಅವಕ್ಕೆ ಮೈಕಿನ ಮುಂದೆ ಜಾಗ ಸಿಕ್ಕಿತು.

ಮೈಕಿನದೂ ಒಂದು ಕಲಿಕೆಯೇ. ಬಯಲಿನಲ್ಲಿ ಸಾವಿರ ಜನಕ್ಕೆ ಕೇಳುವಂತೆ ಕೂಗಿ ಹಾಡಿ ಬೆಳೆದ ಕಂಠಗಳು ಇವು. ಹತ್ತು ಹನ್ನೆರಡು ಡೊಳ್ಳು ಒಮ್ಮೆಲೇ ಬಡಿದರೆ ಮೀಟರಿನ ಮುಳ್ಳು ಕೆಂಪು ಗೆರೆ ದಾಟಿ ಅಲ್ಲೇ ನಿಲ್ಲುತ್ತದೆ. ಹಾಡುಗಾರನನ್ನು ಎಷ್ಟು ದೂರ ಕೂಡಿಸಬೇಕು, ಹಿಮ್ಮೇಳದವರನ್ನು ಯಾವ ಓರೆಯಲ್ಲಿ ನಿಲ್ಲಿಸಬೇಕು, ತಾಳದ ಕಂಚಿನ ಸದ್ದು ಮಾತನ್ನು ನುಂಗದಂತೆ ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಎಂಜಿನಿಯರುಗಳು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಮಾಡುತ್ತ ಮಾಡುತ್ತ ಕಲಿತರು. ಹಾಡುವವರೂ ಕಲಿತರು. ಕಿವಿಗೆ ಕೈಯಿಟ್ಟು ಎತ್ತರದ ಸೊಲ್ಲು ತೆಗೆಯುವಾಗ ಮುಖವನ್ನು ತುಸು ಪಕ್ಕಕ್ಕೆ ತಿರುಗಿಸುವುದು ಅವರಿಗೆ ರೂಢಿಯಾಯಿತು.

ಕಳೆದದ್ದನ್ನೇ ಇಷ್ಟು ಹೊತ್ತು ಹೇಳಿದೆ. ಬಂದದ್ದು ಅದಕ್ಕಿಂತ ದೊಡ್ಡದು. ಮೊದಲನೆಯದು, ಹೆಸರು. ಊರಿನಲ್ಲಿ ಹಾಡುವವಳು ಯಾರದೋ ತಾಯಿ, ಯಾರದೋ ಸೊಸೆ. ಜಾತ್ರೆಯಲ್ಲಿ ಹಾಡುವವನು ಇಂಥ ಊರಿನ ಮೇಳದವನು. ರೇಡಿಯೊದಲ್ಲಿ ಹಾಡಿಗೆ ಮುಂಚೆ ಅವರ ಹೆಸರು ಪೂರ್ತಿಯಾಗಿ, ಊರಿನ ಸಮೇತ, ಗೌರವದಿಂದ ಕೇಳಿಬಂತು. ಸಮಾಜ ಹಟ್ಟಿಯ ಆಚೆ ನಿಲ್ಲಿಸಿದ ಜನರ ಹೆಸರನ್ನು, ಎಲ್ಲಮ್ಮನಿಗೆ ಬಿಟ್ಟ ಹೆಣ್ಣುಮಕ್ಕಳ ಹೆಸರನ್ನು ನಿಲಯದ ಉದ್ಘೋಷಕರು ಮನಸೂರರ ಹೆಸರು ಹೇಳಿದ ದನಿಯಲ್ಲಿಯೇ ಹೇಳಿದರು. ದೇವದಾಸಿ ಬಿಡುವುದನ್ನು ಕರ್ನಾಟಕ ಕಾನೂನಿನಿಂದ ನಿಷೇಧಿಸಿದ್ದು 1982ರಲ್ಲಿ. ಆ ಹೆಣ್ಣುಮಕ್ಕಳ ಕಲೆಗೆ ಬಾನುಲಿ ಅದಕ್ಕೂ ಎಷ್ಟೋ ಮೊದಲೇ ಮರ್ಯಾದೆ ಕೊಟ್ಟಿತ್ತು.

ಎರಡನೆಯದು, ಪರೀಕ್ಷೆ ಮತ್ತು ಸಂಭಾವನೆ. 1950ರ ದಶಕದಲ್ಲಿ ಆಕಾಶವಾಣಿ ಆಡಿಶನ್ ಪದ್ಧತಿಯನ್ನು ಬಿಗಿಮಾಡಿತು. ಬಿ, ಬಿ ಹೈ, ಎ, ಟಾಪ್ ಎಂಬ ಶ್ರೇಣಿಗಳು ಜನಪದ ಗಾಯಕರಿಗೂ ಬಂದವು. ಹಾಡಿಗೆ ಅಂಕ ಹಾಕುವುದೇ ತಪ್ಪು ಎನ್ನುವವರಿದ್ದಾರೆ, ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಅಂಚೆಯಲ್ಲಿ ಬಂದ ಆ ಕಾಂಟ್ರ್ಯಾಕ್ಟ್ ಪತ್ರ ಹಳ್ಳಿಯ ಮನೆಯಲ್ಲಿ ಏನಾಗಿತ್ತೆಂಬುದನ್ನು ನೋಡಿದವರಿಗೇ ಗೊತ್ತು. ದೇವರ ಪಟದ ಹಿಂದೆ ಅದನ್ನು ಜೋಪಾನವಾಗಿ ಇಡುತ್ತಿದ್ದರು. ಓದು ಬಾರದವರು ಹೆಬ್ಬೆಟ್ಟು ಒತ್ತಿ ಚೆಕ್ ಪಡೆದರು. ಕಾಳು, ಸೀರೆ, ತೆಂಗಿನಕಾಯಿ, ದಾನ ಎಂದು ಪಡೆಯುತ್ತಿದ್ದ ಕಲೆಗೆ ಕೂಲಿಯ ಲೆಕ್ಕ ಹತ್ತಿತು. ದುಡ್ಡು ಹೆಚ್ಚಿರಲಿಲ್ಲ, ಆದರೆ ಯಾರ ಮುಂದೆಯೂ ಕೈಚಾಚಿ ಪಡೆದದ್ದಾಗಿರಲಿಲ್ಲ.

ಈ ಕೇಂದ್ರದ ಸಾಹಿತ್ಯದ ವಾತಾವರಣವೂ ಜನಪದಕ್ಕೆ ಒಗ್ಗುವಂಥದ್ದೇ. ಸೊಲ್ಲಾಪುರದ ಕಾಲೇಜಿನಿಂದ ನಿವೃತ್ತರಾಗಿ ಊರಿಗೆ ಮರಳಿದ ದ.ರಾ. ಬೇಂದ್ರೆಯವರು 1956ರಿಂದ ಕೆಲವು ವರ್ಷ ಇಲ್ಲಿ ಸಲಹೆಗಾರರಾಗಿದ್ದರು. ಲಾವಣಿಯ ಧಾಟಿ, ತ್ರಿಪದಿಯ ತಿರುವು, ಧಾರವಾಡದ ಓಣಿಯ ಮಾತು ಅವರ ಕಾವ್ಯದ ಉಸಿರೇ ಆಗಿದ್ದವು. ಎನ್ಕೆ ಎಂದೇ ಹೆಸರಾದ ಎನ್.ಕೆ. ಕುಲಕರ್ಣಿಯವರೂ ಇಲ್ಲಿ ದುಡಿದರು. ಇಂಥ ಹಿರಿಯರು ಓಡಾಡುವ ಕಟ್ಟಡಕ್ಕೆ ದಪ್ಪು ಬಗಲಲ್ಲಿಟ್ಟುಕೊಂಡು ಬಂದ ಹಾಡುಗಾರನಿಗೆ ತಾನು ತಪ್ಪು ಬಾಗಿಲು ತಟ್ಟಿದೆನೆಂಬ ಅಳುಕು ಬರಲು ಕಾರಣವಿರಲಿಲ್ಲ.

ಹುಕ್ಕೇರಿ ಬಾಳಪ್ಪನವರನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಬೆಳಗಾವಿ ಜಿಲ್ಲೆಯ ಮುರಗೋಡದಲ್ಲಿ 1911ರಲ್ಲಿ ಹುಟ್ಟಿದ ಬಾಳಪ್ಪನವರು ಸ್ವಾತಂತ್ರ್ಯ ಚಳವಳಿಯಲ್ಲಿ ಊರೂರು ತಿರುಗಿ ಹಾಡಿ ಜನರನ್ನು ಕೂಡಿಸಿದವರು. ‘ಸಾವಿರ ಹಾಡಿನ ಸರದಾರ’ ಎಂದು ನಾಡು ಅವರನ್ನು ಕರೆಯಿತು. ಜನಪದರ ಹಾಡು, ಶರೀಫರ ತತ್ವಪದ, ಬೇಂದ್ರೆಯವರ, ಆನಂದಕಂದರ ಕವಿತೆ ಎಲ್ಲವೂ ಅವರ ಕಂಠದಲ್ಲಿ ಒಂದೇ ಮಣ್ಣಿನ ಬೆಳೆಯಾಗಿ ಬಂದವು. ಕವಿ ಬರೆದದ್ದು ಯಾವುದು, ಊರು ಕಟ್ಟಿದ್ದು ಯಾವುದು ಎಂದು ಕೇಳುಗರಿಗೆ ಗುರುತೇ ಹತ್ತುತ್ತಿರಲಿಲ್ಲ. ಬಾಳಪ್ಪನವರಿಗೆ ಬಾನುಲಿಯೂ ವೇದಿಕೆಯೂ ಬೇರೆಯಾಗಿರಲಿಲ್ಲ. ರೇಡಿಯೊದಲ್ಲಿ ಕೇಳಿದವರು ಅವರ ಕಾರ್ಯಕ್ರಮಕ್ಕೆ ಬಂಡಿ ಕಟ್ಟಿಕೊಂಡು ಬರುತ್ತಿದ್ದರು, ಅಲ್ಲಿ ಕೇಳಿದವರು ಮನೆಗೆ ಹೋಗಿ ರೇಡಿಯೊ ಹಚ್ಚುತ್ತಿದ್ದರು.

ಕೇಳುವುದೂ ಆಗ ಕೂಡಿ ಮಾಡುವ ಕೆಲಸವಾಗಿತ್ತು. ಮನೆಮನೆಗೆ ರೇಡಿಯೊ ಇರಲಿಲ್ಲ. ಇದ್ದವರು ಅಂಚೆ ಕಚೇರಿಯಲ್ಲಿ ವರ್ಷವರ್ಷ ಲೈಸೆನ್ಸ್ ಹಣ ಕಟ್ಟಬೇಕಿತ್ತು. ಪಂಚಾಯಿತಿಗೆ ಸರ್ಕಾರ ಕೊಟ್ಟ ರೇಡಿಯೊದ ಮುಂದೆ, ಕಟ್ಟೆಯ ಮೇಲೆ, ಹೊಲದಿಂದ ಬಂದವರು ಕಾಲು ಚಾಚಿ ಕುಳಿತು ಕೇಳಿದರು. ಗ್ರಾಮೀಣ ಕಾರ್ಯಕ್ರಮದಲ್ಲಿ ಬೀಜ, ಗೊಬ್ಬರ, ಪೇಟೆ ಧಾರಣೆಯ ನಡುವೆ ಒಂದು ಹಾಡು ಬಂದೇ ಬರುತ್ತಿತ್ತು. ಆ ಹಾಡಿಗಾಗಿಯೇ ಗೊಬ್ಬರದ ಮಾತು ಕೇಳಿದವರೂ ಇದ್ದರು. ಟ್ರಾನ್ಸಿಸ್ಟರ್ ಬಂದ ಮೇಲೆ ಹಾಡು ಹೊಲದ ಬದುವಿಗೇ ಹೋಯಿತು. ಮಧ್ಯಮ ತರಂಗದ ಸ್ವಭಾವವೂ ನಮಗೆ ಅನುಕೂಲವಾಗಿತ್ತು. ಹೊತ್ತು ಮುಳುಗಿದ ಮೇಲೆ ಆ ತರಂಗಗಳು ಮೇಲಿನ ವಾಯುಪದರಕ್ಕೆ ತಾಗಿ ಮರಳುವುದರಿಂದ ದನಿ ಹಗಲಿಗಿಂತ ಬಹು ದೂರ ಹೋಗುತ್ತದೆ. ಊರ ಹಾಡಿಗೆ ಕಿವಿ ಬಿಡುವಾಗುವುದೂ ಅದೇ ಹೊತ್ತಿಗೆ. 765 ಕಿಲೊಹರ್ಟ್ಸ್‌ಗೆ ಮುಳ್ಳು ತಿರುಗಿಸಿದರೆ ಗಡಿಯಾಚೆಯ ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡದ ಮನೆಗಳಿಗೂ ಧಾರವಾಡ ಸಿಗುತ್ತಿತ್ತು. ರಾಜ್ಯದ ಗೆರೆ ಎಳೆದವರು ಬಿಟ್ಟುಬಿಟ್ಟ ಊರುಗಳನ್ನು ಈ ಹಾಡುಗಳು ಬಿಡಲಿಲ್ಲ.

ಇಷ್ಟಾದರೂ ಸ್ಟುಡಿಯೋದ ಹಾಡಿನಲ್ಲಿ ಒಂದು ಕೊರತೆ ಇದ್ದೇ ಇತ್ತು. ಹಾಡುವವನ ಎದುರು ಗಾಜಿನ ಕಿಟಕಿ. ಅದರಾಚೆ ಬೆರಳು ಎತ್ತಿ ಸನ್ನೆ ಮಾಡುವ ಒಬ್ಬ ಮನುಷ್ಯ. ‘ಭಲೇ’ ಎನ್ನುವವರಿಲ್ಲ. ಇದನ್ನು ತುಂಬಿದ್ದು ಶ್ರೋತೃಗಳ ಎದುರಿನ ಕಾರ್ಯಕ್ರಮಗಳು. 1954ರಲ್ಲಿ ಆರಂಭವಾದ ಆಕಾಶವಾಣಿ ಸಂಗೀತ ಸಮ್ಮೇಳನ ಶಾಸ್ತ್ರೀಯ ಸಂಗೀತದಲ್ಲಿ ಈ ರೂಢಿಯನ್ನು ಹಾಕಿಕೊಟ್ಟಿತು. ಆಮಂತ್ರಿತರ ಮುಂದೆ ಕಛೇರಿ ನಡೆಯುವುದು, ಅದೇ ಧ್ವನಿಮುದ್ರಣ ಮುಂದೆ ಪ್ರಸಾರವಾಗುವುದು. ಸುಗಮ ಸಂಗೀತ, ಜನಪದ ಸಂಗೀತಕ್ಕೂ ಈ ಪದ್ಧತಿ ಬಂದ ಮೇಲೆ ಮೇಳದವರ ಮುಖದ ಕಳೆಯೇ ಬೇರೆಯಾಯಿತು. ಜನ ಎದುರಿಗೆ ಕುಳಿತರೆಂದರೆ ಪಟ್ಟಿಯಲ್ಲಿಲ್ಲದ ಒಂದು ನುಡಿ ತಾನಾಗಿ ಹೊರಡುತ್ತದೆ. ಸಭೆಯಲ್ಲಿ ಯಾರೋ ನಕ್ಕರೆ ಅದೇ ಸಾಲು ಇನ್ನೊಮ್ಮೆ ಬೇರೆ ಒತ್ತಿನಲ್ಲಿ ಬರುತ್ತದೆ. ಹಿಮ್ಮೇಳದ ‘ಗೀ ಗೀ’ ಎಳೆತಕ್ಕೆ ಮುಂದಿನ ಸಾಲಿನವರೂ ದನಿಗೂಡಿಸುತ್ತಾರೆ.

ಕೇಂದ್ರದ ಧ್ವನಿಮುದ್ರಣ ಘಟಕ ಊರಿಗೇ ಹೋದಾಗಲಂತೂ ಹಾಡು ತನ್ನ ಮನೆಯಲ್ಲಿ ತಾನಿರುತ್ತಿತ್ತು. ನಾಯಿ ಬೊಗಳುತ್ತದೆ, ಕೂಸು ಅಳುತ್ತದೆ, ನಡುವೆ ಯಾರೋ ಬಂದು ಮಗನ ಹೆಸರಿನಲ್ಲಿ ಐದು ರೂಪಾಯಿ ಆಯೇರಿ ಕೊಡುತ್ತಾರೆ. ಹಾಡು ನಿಲ್ಲಿಸಿ ಅವರ ಹೆಸರು ಹೇಳಿ ಹರಸಿಯೇ ಮುಂದುವರಿಯಬೇಕು. ಪ್ರಸಾರಕ್ಕೆ ಅದನ್ನು ಕತ್ತರಿಸಬೇಕಾಗುತ್ತದೆ. ಆದರೆ ಆಯೇರಿ ಕೊಟ್ಟ ಆ ಮನುಷ್ಯನೇ ಆ ಕಲೆಯ ಪೋಷಕ. ಅವನ ಹೆಸರು ಟೇಪಿನಲ್ಲಾದರೂ ಉಳಿಯಬೇಕು ಎಂದು ನಾನು ವಾದಿಸುತ್ತ ಬಂದಿದ್ದೇನೆ. ನನ್ನ ತಿಳಿವಳಿಕೆಯಲ್ಲಿ ಈ ಕೇಂದ್ರದ ಜನಪದ ಪ್ರಸಾರದ ಅತ್ಯುತ್ತಮ ಭಾಗ ಈ ಜನರೆದುರಿನ ಮುದ್ರಣಗಳೇ. ಅವುಗಳಲ್ಲಿ ಬಾನುಲಿ ಊರಿಗೆ ಹೋಗಿ ಕುಳಿತು ಕೇಳಿದೆ.

ಬಾನುಲಿಯಲ್ಲಿ ಹಾಡಿದವರಿಗೆ ಜಾತ್ರೆಗಳಲ್ಲಿ ಬೇಡಿಕೆ ಹೆಚ್ಚಿತು. ಊರ ಕರಪತ್ರಗಳಲ್ಲಿ ಹೆಸರಿನ ಮುಂದೆ ‘ಆಕಾಶವಾಣಿ ಕಲಾವಿದರು’ ಎಂಬ ಬಿರುದು ಅಚ್ಚಾಗತೊಡಗಿತು. ಈಗಲೂ ಅಚ್ಚಾಗುತ್ತದೆ. 1980ರ ದಶಕದಲ್ಲಿ ಕ್ಯಾಸೆಟ್ಟು ಬಂದು ಭಜನಾ ಪದ, ಲಾವಣಿ, ಡೊಳ್ಳಿನ ಪದ ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಮಾರಾಟವಾದವು. ಆಮೇಲೆ ದೂರದರ್ಶನ, ಎಫ್.ಎಂ., ಮೊಬೈಲು. 1966ರಲ್ಲಿ ಕಲಬುರ್ಗಿಯಲ್ಲಿ, ಮುಂದೆ ಬೇರೆ ಊರುಗಳಲ್ಲಿ ನಿಲಯಗಳಾದ ಮೇಲೆ ಧಾರವಾಡದ ಹೊರೆಯೂ ಹಂಚಿಹೋಯಿತು. ಈ ಭಾಗವನ್ನು ಬಲ್ಲವರು ಬಹಳ ಜನರಿದ್ದಾರೆ, ನಾನು ಬೆಳೆಸುವುದಿಲ್ಲ.

ನನ್ನ ಚಿಂತೆ ಟೇಪುಗಳದು. ಸ್ಪೂಲ್ ಟೇಪು ದುಬಾರಿಯಾಗಿತ್ತು. 1200 ಅಡಿಯ ಒಂದು ಸುರುಳಿ ಸೆಕೆಂಡಿಗೆ ಏಳೂವರೆ ಇಂಚಿನ ವೇಗದಲ್ಲಿ ಓಡಿದರೆ ಅರ್ಧ ತಾಸಿಗೆ ಮುಗಿಯುತ್ತದೆ. ಒಂದು ರಾತ್ರಿಯ ಹಾಡಿಕೆ ಹಿಡಿಯಲು ಎಷ್ಟು ಸುರುಳಿ ಬೇಕಾದೀತು ಲೆಕ್ಕ ಹಾಕಿ. ಆದ್ದರಿಂದ ಪ್ರಸಾರ ಮುಗಿದ ಮೇಲೆ ಅಳಿಸಿ ಅದರ ಮೇಲೆಯೇ ಇನ್ನೊಂದನ್ನು ಮುದ್ರಿಸುವುದು ಆಕಾಶವಾಣಿಯಲ್ಲಿ ಎಲ್ಲೆಡೆ ನಡೆಯಿತು. ಉಳಿದವುಗಳಿಗೆ ತೇವ, ಬೂಸಲು, ಕಾಲ ತಮ್ಮ ಕೆಲಸ ಮಾಡಿವೆ. ಮೇರು ಗಾಯಕರ ಮುದ್ರಣಗಳನ್ನು ಯಾರಾದರೂ ಹುಡುಕಿಕೊಂಡು ಬರುತ್ತಾರೆ, ಮರುಮುದ್ರಣ ಮಾಡುತ್ತಾರೆ. ಕುಟ್ಟುವ ಪದ ಹಾಡಿದ ಅಜ್ಜಿಯ ಟೇಪನ್ನು ಹುಡುಕಿಕೊಂಡು ಬರುವವರು ಅವಳ ಮೊಮ್ಮಕ್ಕಳಷ್ಟೇ, ಅವರಿಗೆ ಅದು ಇದೆಯೆಂಬುದೇ ಗೊತ್ತಿರುವುದಿಲ್ಲ. ಎತ್ತುಗಳು ತುಳಿಯುವ ಕಣ ಇಂದು ಇಲ್ಲ. ರಸ್ತೆಯ ಮೇಲೆ ಟ್ರ್ಯಾಕ್ಟರು, ಹೊಲದಲ್ಲಿ ಯಂತ್ರ ಒಕ್ಕಣೆ ಮುಗಿಸುತ್ತವೆ. ಹಂತಿ ಪದ ಹೇಗಿತ್ತೆಂದು ತಿಳಿಯಲು ನಮಗೆ ಉಳಿದ ಸಾಕ್ಷಿ ಈ ಸುರುಳಿಗಳೇ.

ಆದ್ದರಿಂದ ಈ ಸಂಚಿಕೆಯ ಮೂಲಕ ಎರಡು ಕೆಲಸ ಕೇಳುತ್ತೇನೆ. ಉಳಿದಿರುವ ಒಂದೊಂದು ಜನಪದ ಟೇಪಿಗೂ ಪೂರ್ತಿ ಪಟ್ಟಿ ಆಗಲಿ: ಹಾಡಿದವರ ಹೆಸರು, ಹಿಮ್ಮೇಳದವರ ಹೆಸರು, ಊರು, ವಾದ್ಯ, ಮುದ್ರಿಸಿದ ದಿನ, ಹಾಡು ಯಾವ ಕೆಲಸದ್ದು ಅಥವಾ ಯಾವ ಹಬ್ಬದ್ದು ಎಂಬ ವಿವರ. ‘ಮತ್ತು ಸಂಗಡಿಗರು’ ಎಂದಷ್ಟೇ ಬರೆದಿರುವ ಕಡೆ ಆ ಸಂಗಡಿಗರು ಯಾರೆಂದು ಊರಿಗೆ ಹೋಗಿ ಕೇಳಬೇಕು. ಹೇಳಬಲ್ಲ ಹಿರಿಯರು ಇನ್ನೂ ಇದ್ದಾರೆ. ಎರಡನೆಯದು, ಡಿಜಿಟಲ್ ಆದ ಒಂದು ಪ್ರತಿ ಶಿಗ್ಗಾಂವಿಯ ಹತ್ತಿರದ ಗೊಟಗೋಡಿಯಲ್ಲಿರುವ ಜಾನಪದ ವಿಶ್ವವಿದ್ಯಾಲಯಕ್ಕೆ ಹೋಗಲಿ, ಇನ್ನೊಂದು ಆ ಹಾಡು ಹುಟ್ಟಿದ ಊರಿನ ಗ್ರಂಥಾಲಯಕ್ಕೆ ಹೋಗಲಿ. ವರ್ಷಕ್ಕೊಮ್ಮೆ ಅಂಥ ಒಂದು ಊರಿನಲ್ಲಿ, ಗುಡಿಯ ಮುಂದೆ, ಹಳೆಯ ಟೇಪನ್ನು ಕೇಳಿಸಿ, ಅದೇ ಮನೆತನದ ಅಥವಾ ಅದೇ ಮೇಳದ ಇಂದಿನ ಹುಡುಗ ಹುಡುಗಿಯರಿಂದ ಅದೇ ಪದವನ್ನು ಎದುರಿನಲ್ಲಿ ಹಾಡಿಸಿ, ಎರಡನ್ನೂ ಕೂಡಿಸಿ ಪ್ರಸಾರ ಮಾಡಬಹುದು. ಅದಕ್ಕೆ ಬೇಕಾದ ವ್ಯಾನು, ಯಂತ್ರ, ತಿಳಿದ ಕೈಗಳು ಕೇಂದ್ರದಲ್ಲಿವೆ. ಮೊದಲ ಊರಾಗಿ ಹಲಸಂಗಿಯನ್ನು ಆರಿಸಿಕೊಳ್ಳಬೇಕೆಂದು ನನ್ನ ಸಲಹೆ.